ಸ್ವಾಮಿಯವರು ಹೊರಡುವ ಹೊತ್ತಿಗೆ ಹಬ್ಬ

ಮೇ 10, 2026

ನಮ್ಮ ಧರ್ಮಕೇಂದ್ರದ ಪ್ರಿಯ ಸಹೋದರ ಸಹೋದರಿಯರೇ,

ಕಳೆದ ಭಾನುವಾರ ಎರಡನೇ ಪೂಜೆಯ ಕೊನೆಗೆ ಸ್ವಾಮಿಯವರು ಒಂದು ಕಾಗದ ಬಿಡಿಸಿ ಓದಿದರು. ಆರು ವರ್ಷ ನಮ್ಮ ಜೊತೆಗಿದ್ದವರು ಈ ತಿಂಗಳ ಕೊನೆಯ ವಾರ ಬೇರೆ ಧರ್ಮಕೇಂದ್ರಕ್ಕೆ ಹೊರಡುತ್ತಾರೆ, ಮೇ 31ರಂದು ಹೊಸಬರು ಅಧಿಕಾರ ವಹಿಸಿಕೊಳ್ಳುತ್ತಾರೆ. ಸುದ್ದಿ ಇಷ್ಟೇ. ಮುಂದಿನ ಬೆಂಚಿನ ಹಿರಿಯಮ್ಮ ಒಬ್ಬರು ಸೆರಗನ್ನು ಬಾಯಿಗೆ ಒತ್ತಿಕೊಂಡರು. 35 ವರ್ಷದಿಂದ ಈ ಗುಡಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದೇನೆ. ಆ ದಿನ ಕೊನೆಯ ಹಾಡಿನಲ್ಲಿ ನನ್ನ ಬೆರಳೂ ತಪ್ಪಿತು.

ಆಮೇಲೆ ಒಂದೊಂದೇ ಗೊತ್ತಾಯಿತು. ಕಾನ್ವೆಂಟಿನ ಹಿರಿಯ ಸಿಸ್ಟರಮ್ಮನವರಿಗೂ ವರ್ಗ. ಕಚೇರಿಯಲ್ಲಿ ಲೆಕ್ಕ ಬರೆಯುತ್ತಿದ್ದ ಹುಡುಗನಿಗೆ ಹಾರೋಹಳ್ಳಿ ಕಡೆಯ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿದೆ. ಉಪದೇಶಿ ತಾತ, ಕಣ್ಣು ಸಾಲದು, ಇನ್ನು ಸಾಕು ಅಂದಿದ್ದಾರೆ. ಎಲ್ಲವೂ ಒಂದೇ ತಿಂಗಳಲ್ಲಿ, ಅದೂ ಪವಿತ್ರಾತ್ಮರ ಹಬ್ಬ ಮೇ 24ಕ್ಕೆ ಇರುವಾಗ.

ಈ ವಾರವಿಡೀ ನಾನು ಕೇಳಿದ ಮಾತುಗಳಲ್ಲಿ ಹಬ್ಬದ ಹೆಸರೇ ಇಲ್ಲ. ಎರಡು ಸಂಗತಿಗಳು ಮಾತ್ರ ಮನೆಯಿಂದ ಮನೆಗೆ ಓಡಾಡುತ್ತಿವೆ. ಸ್ವಾಮಿಯವರನ್ನು ಇಲ್ಲೇ ಉಳಿಸಬೇಕೆಂದು ಮಹಾಧರ್ಮಾಧ್ಯಕ್ಷರಿಗೆ ಕೊಡಲು ಸಹಿ ಸಂಗ್ರಹ ನಡೆದಿದೆ. ಉಳಿಸಲಾಗದಿದ್ದರೆ ಹಬ್ಬದ ದಿನವೇ ದೊಡ್ಡ ಬೀಳ್ಕೊಡುಗೆ ಮಾಡುವುದೆಂದು ಪಾಲನಾ ಸಮಿತಿ ಯೋಚಿಸುತ್ತಿದೆ. ಎರಡೂ ಪ್ರೀತಿಯಿಂದಲೇ ಹುಟ್ಟಿದವು ಎಂದು ನನಗೆ ಗೊತ್ತು. ಆದರೂ ಎರಡೂ ಬೇಡ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ಗುಂಪುಗುಂಪಾಗಿ ಗೇಟಿನ ಹತ್ತಿರ ಮಾತಾಡುವುದಕ್ಕಿಂತ ಎಲ್ಲರೂ ಓದುವಂತೆ ಬರೆದರೆ ಒಳ್ಳೆಯದೆನಿಸಿತು.

ನಾವು ಪ್ರತಿ ವರ್ಷ ಕೇಳಿಯೂ ಮನಸ್ಸಿಗೆ ತೆಗೆದುಕೊಳ್ಳದ ಒಂದು ಘಟನೆಯಿದೆ. ಪುನರುತ್ಥಾನವಾಗಿ ನಲವತ್ತು ದಿನವಾದ ಮೇಲೆ ಯೇಸುಸ್ವಾಮಿ ಶಿಷ್ಯರ ಕಣ್ಣೆದುರೇ ಸ್ವರ್ಗಕ್ಕೇರಿದರು. ಐವತ್ತನೇ ದಿನ ಪವಿತ್ರಾತ್ಮರು ಇಳಿದುಬಂದರು. ಪೆಂತೆಕೋಸ್ತ್ ಎಂಬ ಗ್ರೀಕ್ ಮಾತಿಗೂ ನಾವು ಹೇಳುವ ಪಂಚಾಶತ್ತಮಕ್ಕೂ ಐವತ್ತನೆಯದು ಎಂದೇ ಅರ್ಥ. ನಡುವಿನ ದಿನಗಳಲ್ಲಿ ಜೆರುಸಲೇಮಿನ ಆ ಮೇಲ್ಮಹಡಿಯ ಕೋಣೆಯಲ್ಲಿ ಏನು ನಡೆಯಿತು? ಪ್ರಾರ್ಥನೆ ನಡೆಯಿತು, ಮಾತೆ ಮರಿಯಮ್ಮನವರೂ ಅಲ್ಲಿದ್ದರು. ಆದರೆ ಇನ್ನೊಂದು ಕೆಲಸವೂ ನಡೆಯಿತು. ಪ್ರೇಷಿತರ ಕಾರ್ಯಕಲಾಪಗಳ ಮೊದಲ ಅಧ್ಯಾಯ ತೆಗೆದು ನೋಡಿ. ಸುಮಾರು 120 ಮಂದಿ ಕೂಡಿದ್ದಾರೆ. ಗುರು ಹೊರಟುಹೋಗಿದ್ದಾರೆ. ಹನ್ನೆರಡು ಮಂದಿಯಲ್ಲಿ ಒಬ್ಬನ ಜಾಗ, ಅದೂ ದ್ರೋಹ ಬಗೆದವನ ಜಾಗ, ಖಾಲಿ ಬಿದ್ದಿದೆ. ಪೇತ್ರ ಎದ್ದುನಿಂತು ಆ ಜಾಗ ತುಂಬಬೇಕೆನ್ನುತ್ತಾರೆ. ಎರಡು ಹೆಸರು ಬರುತ್ತವೆ: ಬಾರ್ಸಬ್ಬ ಎಂದು ಕರೆಸಿಕೊಳ್ಳುತ್ತಿದ್ದ, ಯುಸ್ತ ಎಂದೂ ಹೆಸರಿದ್ದ ಜೋಸೆಫ್ ಒಬ್ಬ, ಮತ್ತೀಯ ಇನ್ನೊಬ್ಬ. ಪ್ರಾರ್ಥನೆ ಮಾಡಿ ಚೀಟಿ ಹಾಕಿದರು. ಮತ್ತೀಯನ ಹೆಸರು ಬಂತು.

ನಮಗೆ ಈಗ ಬಂದಿರುವ ಪರಿಸ್ಥಿತಿ ಅವರಿಗೆ ಬಂದಿತ್ತು, ಇದೇ ದಿನಗಳಲ್ಲಿ ಬಂದಿತ್ತು. ಗುರು ಕಣ್ಮರೆಯಾದ ದುಃಖ, ಖಾಲಿ ಜಾಗ, ಹೊಸಬನ ಆಯ್ಕೆ, ಹೊರಗೆ ಭಯ. ಇವೆಲ್ಲ ಸರಿಹೋದ ಮೇಲೆ ಬರುತ್ತೇನೆಂದು ಪವಿತ್ರಾತ್ಮರು ಕಾದು ಕೂರಲಿಲ್ಲ.

ನನ್ನ ಮನಸ್ಸು ಮಾತ್ರ ಪ್ರತಿ ವರ್ಷ ಚೀಟಿ ಬಾರದ ಜೋಸೆಫನ ಬಳಿ ಹೋಗಿ ನಿಲ್ಲುತ್ತದೆ. ಸ್ನಾನಿಕ ಯೊವಾನ್ನರ ದಿನಗಳಿಂದ ಯೇಸುಸ್ವಾಮಿಯ ಹಿಂದೆ ನಡೆದವನು. ಮತ್ತೀಯನಷ್ಟೇ ಯೋಗ್ಯ, ಇಲ್ಲದಿದ್ದರೆ ಅವನ ಹೆಸರು ಮುಂದೆ ಬರುತ್ತಲೇ ಇರಲಿಲ್ಲ. ಎಲ್ಲರೆದುರು ಆಯ್ಕೆಯಾಗದೆ ಉಳಿದವನು. ಶ್ರೀಗ್ರಂಥ ಅವನ ಬಗ್ಗೆ ಮತ್ತೆ ಮಾತೆತ್ತುವುದಿಲ್ಲ. ಆದರೆ ಎರಡನೇ ಅಧ್ಯಾಯ ಶುರುವಾಗುವುದೇ ಅವರೆಲ್ಲರೂ ಒಂದೇ ಕಡೆ ಸೇರಿದ್ದರು ಎಂದು. ಆ ಎಲ್ಲರಲ್ಲಿ ಅವನೂ ಇದ್ದ ಎಂದು ನಾನು ನಂಬಿದ್ದೇನೆ. ನಾಲ್ಕನೇ ಶತಮಾನದಲ್ಲಿ ಧರ್ಮಸಭೆಯ ಚರಿತ್ರೆ ಬರೆದ ಯೂಸೇಬಿಯಸ್, ತನಗಿಂತ ಬಹಳ ಹಿಂದಿನ ಪಪಿಯಾಸ್ ಹೇಳಿದ್ದನ್ನು ಆಧರಿಸಿ, ಈ ಯುಸ್ತ ವಿಷ ಕುಡಿದೂ ದೇವರ ಕೃಪೆಯಿಂದ ಉಳಿದ ಎಂಬ ನಂಬಿಕೆಯನ್ನು ದಾಖಲಿಸಿದ್ದಾನೆ. ಮುನಿಸಿಕೊಂಡು ಮನೆ ಸೇರಿದವನಾಗಿದ್ದರೆ ಅವನ ಬಗ್ಗೆ ಇಂಥ ನೆನಪನ್ನು ಯಾರೂ ಉಳಿಸಿಕೊಳ್ಳುತ್ತಿರಲಿಲ್ಲ.

ಹೋದ ಸಲ ಪಾಲನಾ ಸಮಿತಿಗೆ ಹೆಸರು ಆರಿಸಿದಾಗ ತಮ್ಮನ್ನು ಬಿಟ್ಟರೆಂದು ಗಾನವೃಂದಕ್ಕೆ ಬರುವುದನ್ನು ನಿಲ್ಲಿಸಿದ ಎರಡು ಮನೆಯವರು ನಮ್ಮಲ್ಲಿದ್ದಾರೆ. ಹೆಸರು ಬರೆಯುವುದಿಲ್ಲ. ನಿಮ್ಮ ಧ್ವನಿಯಿಲ್ಲದೆ ಒಂದೂವರೆ ವರ್ಷದಿಂದ ನಮ್ಮ ಹಾಡು ತೆಳುವಾಗಿದೆ. ಈ ಹಬ್ಬಕ್ಕೆ ಬನ್ನಿ. ಯಾರೂ ಏನೂ ಕೇಳುವುದಿಲ್ಲ, ನಿಮ್ಮ ಹಾಡಿನ ಪುಸ್ತಕ ಅದೇ ಕಪಾಟಿನಲ್ಲಿದೆ.

ಸಹಿ ಪತ್ರ ನಮ್ಮ ಮನೆಗೂ ಬಂತು. ನಾನು ಸಹಿ ಹಾಕಲಿಲ್ಲ. ಸ್ವಾಮಿಯವರ ಮೇಲೆ ನನಗೇನು ಪ್ರೀತಿ ಕಡಿಮೆಯಲ್ಲ. ನನ್ನ ತಾಯಿ ತೀರಿಕೊಂಡ ರಾತ್ರಿ ಎರಡು ಗಂಟೆಗೆ, ಸುರಿಯುವ ಮಳೆಯಲ್ಲಿ, ರೋಗಿಗಳಿಗೆ ಹಚ್ಚುವ ಪವಿತ್ರ ತೈಲ ಹಿಡಿದು ಸ್ಕೂಟರಿನಲ್ಲಿ ಬಂದವರು ಅವರು. ಅಮ್ಮನ ಹಣೆಗೆ ತೈಲ ಹಚ್ಚಿದ ಮೇಲೂ ಹೊರಡದೆ ಬೆಳಗಾಗುವವರೆಗೆ ನಮ್ಮ ಜೊತೆ ಜಪಸರ ಹೇಳಿದರು. ಆ ಋಣ ತೀರುವಂಥದ್ದಲ್ಲ. ಅದಕ್ಕೇ ಹೇಳುತ್ತೇನೆ, ಅಂಥ ರಾತ್ರಿ ಬೇರೆ ಊರಿನ ಮನೆಗೂ ಬರುತ್ತದೆ, ಅಲ್ಲಿಗೂ ಒಬ್ಬರು ಇಂಥವರು ಬೇಕು.

ಸಹಿ ಕೇಳಲು ಬಂದ ತಮ್ಮಂದಿರು ಧರ್ಮಸಭೆಯ ಕಾನೂನೇ ನಮ್ಮ ಪರ ಇದೆ ಎಂದರು. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. 1983ರ ಕಾನೂನು ಸಂಹಿತೆಯ 522ನೇ ವಿಧಿ ವಿಚಾರಣಾ ಗುರುಗಳಿಗೆ ಸ್ಥಿರತೆ ಇರಬೇಕು, ಅವರನ್ನು ಅವಧಿಯ ಮಿತಿಯಿಲ್ಲದೆ ನೇಮಿಸಬೇಕು ಎನ್ನುತ್ತದೆ. ಅದೇ ವಿಧಿ, ಧರ್ಮಾಧ್ಯಕ್ಷರ ಮಂಡಳಿ ಒಪ್ಪಿಗೆ ಕೊಟ್ಟಿರುವ ಕಡೆ ಗೊತ್ತಾದ ಅವಧಿಗೆ ನೇಮಿಸಬಹುದು ಎಂದೂ ಹೇಳುತ್ತದೆ. ಮೊದಲ ಸಾಲು ಹಿಡಿದು ಎರಡನೆಯದನ್ನು ಬಿಡುವುದು ಬೇಡ. ಅದಕ್ಕಿಂತ ಮುಖ್ಯವಾದದ್ದು, ಸ್ವಾಮಿಯವರು ತಾವೇ ಹೊರಡಲು ಒಪ್ಪಿದ್ದಾರೆ. ಅವರು ವಿಧೇಯತೆಯಿಂದ ಒಪ್ಪಿದ್ದರ ವಿರುದ್ಧ ನಾವು ಹೋರಾಟ ಮಾಡಿದರೆ ಬರುವ ಹೊಸ ಸ್ವಾಮಿ ಮೊದಲ ದಿನವೇ ಬೇಡದ ಅತಿಥಿಯಂತೆ ಒಳಗೆ ಕಾಲಿಡಬೇಕಾಗುತ್ತದೆ.

ಪೂಜೆಯ ಬಟ್ಟೆಗಳಿಡುವ ಕೋಣೆಯ ಗೋಡೆಯಲ್ಲಿ ಇಲ್ಲಿ ಸೇವೆ ಮಾಡಿದ ಗುರುಗಳ ಹೆಸರಿನ ಹಲಗೆಯಿದೆ. ಮೇಲಿನ ಹೆಸರುಗಳು ಫ್ರಾನ್ಸಿನವರದ್ದು, ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಘದಿಂದ ಬಂದವರು. ಅವರಿಗಿಂತ ಮೊದಲು ಹದಿನೇಳನೇ ಶತಮಾನದ ನಡುವಿನಿಂದ ಮೈಸೂರು ಸೀಮೆಯಲ್ಲಿ ಯೇಸುಸಭೆಯ ಗುರುಗಳಿದ್ದರು. 1773ರಲ್ಲಿ ರೋಮ್ ಆ ಸಭೆಯನ್ನೇ ವಿಸರ್ಜಿಸಿತು. ಒಂದು ಧರ್ಮಕೇಂದ್ರದ ಒಬ್ಬ ಗುರು ಹೋದ ಮಾತಲ್ಲ ಅದು, ಇಡೀ ಸೀಮೆಗೆ ಗುರುಗಳನ್ನು ಕಳಿಸುತ್ತಿದ್ದ ಬುಡವೇ ಒಣಗಿಹೋಯಿತು. ಮುಂದೆ ಟಿಪ್ಪುವಿನ ಕಾಲದ ಕಷ್ಟಗಳು ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ಕಡೆಗೆ ಬಂದ ಅಬ್ಬೆ ದುಬುವಾ ಚದುರಿದ್ದ ಕ್ರೈಸ್ತರನ್ನು ಮತ್ತೆ ಕೂಡಿಸಿದರು. ಜನ ಅವರನ್ನು ದೊಡ್ಡ ಸ್ವಾಮಿಯವರು ಎಂದೇ ಕರೆಯುತ್ತಿದ್ದರು. ಅವರೂ 1823ರಲ್ಲಿ ಪ್ಯಾರಿಸ್ಸಿಗೆ ಹಿಂತಿರುಗಿದರು, ಮತ್ತೆ ಬರಲಿಲ್ಲ. ಕಷ್ಟದ ಆ ವರ್ಷಗಳಲ್ಲೂ ವಿಶ್ವಾಸ ಉಳಿಯಿತು ಎಂದರೆ ಮನೆಗಳಲ್ಲಿ ಉಳಿಯಿತು ಎಂದೇ ಅರ್ಥ. ಕುದುರೆಯ ಮೇಲೆ ಸ್ವಾಮಿ ಬರುತ್ತಿದ್ದದ್ದು ಎರಡು ಮೂರು ತಿಂಗಳಿಗೊಮ್ಮೆ, ಉಳಿದ ಭಾನುವಾರಗಳಲ್ಲಿ ಜಪ ಹೇಳಿಸುತ್ತಿದ್ದವರು, ಸಾಯುವವರ ಬಳಿ ಕೂರುತ್ತಿದ್ದವರು ಉಪದೇಶಿಗಳು ಎಂದು ನಮ್ಮಜ್ಜಿ ತಾನು ಕೇಳಿದ್ದನ್ನು ಹೇಳುತ್ತಿದ್ದರು.

ಅದಕ್ಕೇ ನನ್ನ ನಿಜವಾದ ಚಿಂತೆ ಬೇರೆ ಕಡೆ ಇದೆ. ಸ್ವಾಮಿಯವರ ಜಾಗಕ್ಕೆ ಇನ್ನೊಬ್ಬ ಸ್ವಾಮಿ ಬರುತ್ತಾರೆ, ಸಿಸ್ಟರಮ್ಮನವರ ಜಾಗಕ್ಕೂ ಬರುತ್ತಾರೆ. ಉಪದೇಶಿ ತಾತನ ಜಾಗಕ್ಕೆ ಯಾರು?

ಅವರ ವಿದಾಯದ ಬಗ್ಗೆ ಈ ವಾರ ಒಬ್ಬರೂ ಮಾತಾಡಿದ್ದು ನಾನು ಕೇಳಲಿಲ್ಲ. ಬೆಳಗಿನ ಐದೂವರೆಗೆ ಗಂಟೆ ಬಾರಿಸಿದವರು ಅವರು. ಪಾಸ್ಕ ಮೇಣದಬತ್ತಿಗೆ ಬಣ್ಣದ ಮೇಣದಲ್ಲಿ ಪ್ರತಿ ವರ್ಷದ ಇಸವಿ ಅಂಟಿಸಿದವರು ಅವರು. ಸಮಾಧಿಭೂಮಿಯಲ್ಲಿ ಕಲ್ಲು ಬಿದ್ದುಹೋದ ಗುಂಡಿ ಯಾರದೆಂದು ಕೇಳಿದರೆ ಮನೆತನ, ಊರು, ಸತ್ತ ಬೇಸಿಗೆ ಎಲ್ಲ ಹೇಳುತ್ತಾರೆ. ನಮ್ಮ ಸ್ನಾನದೀಕ್ಷೆಯ ಹಳೆಯ ದಫ್ತರದಲ್ಲಿ ಫ್ರೆಂಚ್ ಗುರುಗಳು ತಮ್ಮ ಕಿವಿಗೆ ಬಿದ್ದಂತೆ ಬರೆದ ನಮ್ಮ ಹೆಸರುಗಳನ್ನು ಬಿಡಿಸಿ ಓದಬಲ್ಲವರು ಈಗ ಅವರೊಬ್ಬರೇ. ಮದುವೆಗೆ, ಶಾಲೆಗೆ, ಜಮೀನಿನ ತಕರಾರಿಗೆ ಎಷ್ಟು ಮಂದಿ ಆ ದಫ್ತರದ ನಕಲಿಗಾಗಿ ಅವರ ಮುಂದೆ ನಿಂತಿದ್ದೀರಿ, ನೆನಪು ಮಾಡಿಕೊಳ್ಳಿ.

ಹಬ್ಬದ ಮೊದಲ ವಾಚನವನ್ನು ಅವರು ಕಲಿಸುತ್ತಿದ್ದ ರೀತಿಯನ್ನು ನಾನು ಮರೆಯಲಾರೆ. ಪಾರ್ಥಿಯರು, ಮೇದ್ಯರು, ಏಲಾಮ್ಯರು, ಕಪ್ಪದೋಕ್ಯ, ಪೊಂತ, ಫ್ರಿಜಿಯ, ಪಂಫೀಲಿಯ ಎಂದು ಸಾಲಾಗಿ ಬರುವ ಆ ಹೆಸರುಗಳನ್ನು ಕಂಡರೆ ಓದುವವರಿಗೆ ಗಂಟಲು ಒಣಗುತ್ತದೆ. ಹದಿನೈದನೇ ವಯಸ್ಸಿನಲ್ಲಿ ನಾನೂ ಅವಸರವಾಗಿ ಓದಿ ಮುಗಿಸಿದ್ದೆ. ತಾತ ಪುಸ್ತಕ ಮುಚ್ಚಿ ಹೇಳಿದರು: ಮಗಳೇ, ಒಂದೊಂದು ಹೆಸರೂ ಒಂದು ಊರು, ಆ ಊರಿನಿಂದ ಯಾರೋ ನಡೆದುಕೊಂಡು ಬಂದಿದ್ದಾರೆ, ಅವರನ್ನು ನುಂಗಿಬಿಡಬೇಡ. ಆಮೇಲೆ ಸರ್ಕಾರಿ ಶಾಲೆಯಲ್ಲಿ ನಾನು ಹಾಜರಿ ಕೂಗಿದ ಅಷ್ಟೂ ವರ್ಷ ಆ ಮಾತು ನನ್ನ ಬಾಯಲ್ಲಿತ್ತು.

2021ರಲ್ಲಿ, ಇವತ್ತಿನದೇ ತಾರೀಖು, ಮೇ 10ರಂದು, ಪೋಪ್ ಫ್ರಾನ್ಸಿಸ್ ಉಪದೇಶಿಯ ಕೆಲಸವನ್ನು ಧರ್ಮಸಭೆಯ ವಿಧಿಬದ್ಧ ಸೇವೆಯಾಗಿ ಸ್ಥಾಪಿಸಿದರು. ಅದೇ ವರ್ಷ ಜನವರಿಯಲ್ಲಿ ವಾಚಕರ ಮತ್ತು ಪೀಠಸೇವೆಯ ದೀಕ್ಷೆಗಳನ್ನು ಹೆಣ್ಣುಮಕ್ಕಳಿಗೂ ತೆರೆದರು. ತಾತ ಆ ಕೆಲಸವನ್ನು ಯಾವ ಪತ್ರವೂ ಬರುವ ಮುಂಚಿನಿಂದ ಮಾಡಿಕೊಂಡು ಬಂದರು. ಈಗ ದಾರಿ ತೆರೆದಿದೆ, ನಡೆಯುವವರು ಬೇಕು. ಯುವಕ ಯುವತಿಯರೇ, ನಿಮ್ಮನ್ನೇ ಕೇಳುತ್ತಿದ್ದೇನೆ. ಈ ಬೇಸಿಗೆ ಮುಗಿಯುವುದರೊಳಗೆ ನಿಮ್ಮಲ್ಲಿ ನಾಲ್ಕೈದು ಮಂದಿ ತಾತನ ಜಗಲಿಯಲ್ಲಿ ಕೂತು ಅವರು ಹೇಳುವುದನ್ನು ಬರೆದುಕೊಳ್ಳಿ, ಮೊಬೈಲಿನಲ್ಲಿ ಧ್ವನಿ ಹಿಡಿದುಕೊಳ್ಳಿ. ಸಮಾಧಿಗಳ ನಕ್ಷೆ, ದಫ್ತರದ ಹೆಸರುಗಳು, ನಮ್ಮ ಹಳೆಯ ಜಪಗಳ ರಾಗ. ದೃಢೀಕರಣಕ್ಕೆ ತಯಾರಾಗುತ್ತಿರುವ ಮಕ್ಕಳ ತರಗತಿ ಎರಡು ವಾರದಿಂದ ನಿಂತಿದೆ. ಹೊಸ ಸ್ವಾಮಿ ಬರಲಿ ಎಂದು ಕಾಯುವುದು ಬೇಡ. ನಾನು ಮಂಗಳವಾರ ಮತ್ತು ಗುರುವಾರ ತೆಗೆದುಕೊಳ್ಳುತ್ತೇನೆ, ಇನ್ನಿಬ್ಬರು ಜೊತೆಗೆ ಬಂದರೆ ಸಾಕು.

ಇನ್ನು ಬೀಳ್ಕೊಡುಗೆಯ ಮಾತು. ಹಬ್ಬದ ಪೂಜೆಯಾದ ಕೂಡಲೇ ಶಾಮಿಯಾನ, ಶಾಲು, ಹಾರ, ಮಾನಪತ್ರ, ಊಟ ಎಂದು ಪಟ್ಟಿಯಾಗಿದೆಯಂತೆ. ಎಷ್ಟೋ ವರ್ಷದ ಹಿಂದೆ ಹೀಗೇ ಒಂದು ಹಬ್ಬದ ದಿನ ವಿದಾಯ ಸಮಾರಂಭ ನಡೆದದ್ದನ್ನು ಕಂಡಿದ್ದೇನೆ. ಭಾಷಣದ ಮೇಲೆ ಭಾಷಣ. ಮೊದಲ ಸಲ ಪರಮಪ್ರಸಾದ ಸ್ವೀಕರಿಸಿದ ಪುಟ್ಟ ಮಕ್ಕಳು ಬಿಳಿ ಬಟ್ಟೆಯಲ್ಲಿ ಬಿಸಿಲಿಗೆ ಬಾಡಿ ಕೂತಿದ್ದರು. ಆ ದಿನ ಯಾವ ಹಬ್ಬವಾಗಿತ್ತು ಎಂದು ಸಂಜೆ ಕೇಳಿದರೆ ಯಾರೂ ಹೇಳುವಂತಿರಲಿಲ್ಲ. ವರ್ಷಕ್ಕೊಮ್ಮೆ ಬರುವ ಈ ಭಾನುವಾರವನ್ನು ಪವಿತ್ರಾತ್ಮರಿಗೇ ಬಿಟ್ಟುಕೊಡೋಣ. ಮಾರನೆಯ ಸೋಮವಾರ, ಮೇ 25ರ ಸಂಜೆ, ವಿದಾಯ ಇಟ್ಟುಕೊಳ್ಳೋಣ. 2018ರಿಂದ ಆ ಸೋಮವಾರವನ್ನು ಧರ್ಮಸಭೆ ಮಾತೆ ಮರಿಯಮ್ಮನವರ ದಿನವಾಗಿ, ಧರ್ಮಸಭೆಯ ತಾಯಿ ಎಂಬ ಹೆಸರಿನಲ್ಲಿ ಆಚರಿಸುತ್ತಿದೆ. ಮಕ್ಕಳನ್ನು ಬೇರೆ ಊರಿಗೆ ಕಳಿಸಿಕೊಡುವ ಕೆಲಸ ತಾಯಿಯ ಮನೆಯಲ್ಲೇ ಆಗಲಿ. ಮತ್ತು ಅಂದು ನಾಲ್ವರನ್ನೂ ಒಂದೇ ಸಾಲಿನಲ್ಲಿ ಕೂರಿಸಿ: ಸ್ವಾಮಿಯವರು, ಸಿಸ್ಟರಮ್ಮ, ತಾತ, ಲೆಕ್ಕದ ಹುಡುಗ. ಶಾಲು ನಾಲ್ಕು ತನ್ನಿ.

ಭಾಷೆಯ ವಿಷಯವನ್ನು ಬರೆಯದೆ ಬಿಟ್ಟರೆ ಈ ಪತ್ರ ಪೂರ್ತಿಯಾಗುವುದಿಲ್ಲ. ಹೊಸ ಸ್ವಾಮಿಯ ಹೆಸರು ಕೇಳಿದ ಕೂಡಲೇ ಅವರು ಯಾವ ಭಾಷೆಯವರು ಎಂಬ ಪ್ರಶ್ನೆ ಬಂತು. ನನಗೆ ಆ ಪ್ರಶ್ನೆಯ ನೋವು ಗೊತ್ತು. ಬೆಂಗಳೂರಿನ ಕನ್ನಡ ಕಥೋಲಿಕರು ತಮ್ಮ ನೆಲದಲ್ಲೇ ತಮ್ಮ ಭಾಷೆಯ ಪೂಜೆಗಾಗಿ ಎಷ್ಟು ಓಡಾಡಿದರು ಎಂಬುದನ್ನು ನಮ್ಮ ತಂದೆಯ ಜೊತೆ ನಡೆದು ಕಂಡಿದ್ದೇನೆ. 1963ರ ಡಿಸೆಂಬರಿನಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಪೂಜೆಗೆ ಜನರ ಭಾಷೆಯ ಬಾಗಿಲು ತೆರೆಯಿತು; ಆ ಬಾಗಿಲಿನಿಂದ ಕನ್ನಡ ಒಳಗೆ ಬಂದಾಗ ಅತ್ತವರ ಮನೆಯಲ್ಲಿ ನಾನು ಬೆಳೆದೆ. ಅದರಲ್ಲಿ ಒಂದಿಂಚೂ ಬಿಟ್ಟುಕೊಡಬೇಕೆಂದು ನಾನು ಹೇಳುವವಳಲ್ಲ. ಕನಕಪುರ ರಸ್ತೆಯ ಈ ನೆಲದಲ್ಲಿ, ಮರಿಯಾಪುರ, ಹಾರೋಬೆಲೆಯಂಥ ಊರುಗಳ ಸಾಲಿನಲ್ಲಿ, ಕನ್ನಡವೇ ನಮ್ಮ ಪ್ರಾರ್ಥನೆಯ ಭಾಷೆ.

ಆದರೆ ಮೆಟ್ರೊ ಬಂದ ಮೇಲೆ, ಅಪಾರ್ಟ್‌ಮೆಂಟುಗಳು ಎದ್ದ ಮೇಲೆ ಹಿಂದಿನ ಬೆಂಚುಗಳಲ್ಲಿ ತಮಿಳು, ಕೊಂಕಣಿ, ಮಲಯಾಳಂ ಮನೆಯವರು ಕೂರುತ್ತಿದ್ದಾರೆ. ಪೂಜೆ ಮುಗಿದ ಕೂಡಲೇ ಹೊರಟುಬಿಡುತ್ತಾರೆ, ನಿಲ್ಲಿ ಎನ್ನುವವರು ಯಾರೂ ಇಲ್ಲ. ಪವಿತ್ರಾತ್ಮರು ಬಂದ ದಿನ ಎಲ್ಲರಿಗೂ ಒಂದೇ ಭಾಷೆ ಬರಲಿಲ್ಲ. ಗಲಿಲೇಯದ ಬೆಸ್ತರು ಮಾತಾಡಿದರು, ಪ್ರತಿಯೊಬ್ಬನಿಗೂ ತನ್ನ ಹುಟ್ಟುಭಾಷೆಯಲ್ಲಿ ಕೇಳಿಸಿತು. ನಮ್ಮ ಹುಟ್ಟುಭಾಷೆಗಾಗಿ ಅಷ್ಟು ಹಂಬಲಿಸಿದ ನಮಗೆ ಇನ್ನೊಬ್ಬರ ಹಂಬಲ ಅರ್ಥವಾಗದೆ ಯಾರಿಗೆ ಅರ್ಥವಾದೀತು? ಹಬ್ಬದ ಪೂಜೆ ಕನ್ನಡದಲ್ಲೇ ಇರಲಿ. ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಒಂದೊಂದು ಬಿನ್ನಹ ಆ ಭಾಷೆಗಳಲ್ಲೂ ಇರಲಿ, ಆ ಮನೆಗಳ ಅಜ್ಜಿಯರೇ ಎದ್ದು ಹೇಳಲಿ. ಯಾರು ಹೇಳುತ್ತೀರೋ ಗುರುವಾರದೊಳಗೆ ನನಗೆ ತಿಳಿಸಿ.

ಬರುವ ಸ್ವಾಮಿಯ ಬಗ್ಗೆ ನನಗೂ ಹೆಸರಿಗಿಂತ ಹೆಚ್ಚೇನೂ ಗೊತ್ತಿಲ್ಲ. ಒಂದು ಮಾತ್ರ ಗೊತ್ತು. ಅಧಿಕಾರ ವಹಿಸಿಕೊಂಡ ದಿನದಿಂದ ಪ್ರತಿ ಭಾನುವಾರ ತಮ್ಮ ವಶಕ್ಕೆ ಬಂದ ಜನರಿಗಾಗಿ ಒಂದು ಪೂಜೆ ಅರ್ಪಿಸುವುದು ವಿಚಾರಣಾ ಗುರುಗಳ ಕರ್ತವ್ಯ; 534ನೇ ವಿಧಿ ಹಾಗೆ ವಿಧಿಸಿದೆ. ನಮ್ಮ ಮುಖ ಪರಿಚಯವಾಗುವ ಮೊದಲೇ ನಮಗಾಗಿ ಪೂಜೆ ಮಾಡುತ್ತಾರೆ. ಹಳೆಯ ಸ್ವಾಮಿ ಹೀಗೆ ಮಾಡುತ್ತಿದ್ದರು ಎಂಬ ಮಾತನ್ನು ಮೂರು ತಿಂಗಳಾದರೂ ಅವರ ಮುಂದೆ ಆಡದಿರೋಣ. ಖಾಲಿ ಜಾಗ ನಮಗೆ ಹೊಸದೂ ಅಲ್ಲ: ಹೋದ ವರ್ಷ ಏಪ್ರಿಲ್ 21ಕ್ಕೆ ಪೋಪ್ ಫ್ರಾನ್ಸಿಸ್ ತೀರಿಕೊಂಡರು, ಮೇ 8ಕ್ಕೆ ಹದಿನಾಲ್ಕನೇ ಲಿಯೋ ಆಯ್ಕೆಯಾದರು. ನಡುವೆ ಪೂಜೆಯಲ್ಲಿ ಪೋಪರ ಹೆಸರು ಹೇಳುವ ಜಾಗ ಬಂದಾಗ ಹೇಳಲು ಹೆಸರಿರಲಿಲ್ಲ. ನಾವು ಮೊಣಕಾಲೂರಿ ಆ ಖಾಲಿಯನ್ನು ಕೇಳಿಸಿಕೊಂಡೆವು, ಪೂಜೆ ಮುಂದೆ ಸಾಗಿತು.

ಪವಿತ್ರಾತ್ಮರ ನವೇನ ಮೇ 15, ಶುಕ್ರವಾರ ಶುರು, 23ರ ಶನಿವಾರ ಮುಕ್ತಾಯ. ಸ್ವರ್ಗಾರೋಹಣವನ್ನು ನಾವು ಭಾನುವಾರ ಆಚರಿಸಿದರೂ ಒಂಬತ್ತು ದಿನದ ಲೆಕ್ಕ ಶುಕ್ರವಾರದಿಂದಲೇ. ಹಬ್ಬಕ್ಕೆ ಮುಂಚೆ ಎಲ್ಲ ಧರ್ಮಕೇಂದ್ರಗಳಲ್ಲೂ ಈ ನವೇನ ನಡೆಯಬೇಕೆಂದು ಹದಿಮೂರನೇ ಲಿಯೋ 1897ರಲ್ಲೇ ಬರೆದಿದ್ದರು. ಸ್ವಾಮಿಯವರು ಸಾಮಾನು ಕಟ್ಟುವ, ಲೆಕ್ಕ ಒಪ್ಪಿಸುವ ಗಡಿಬಿಡಿಯಲ್ಲಿರುತ್ತಾರೆ, ಎಲ್ಲ ದಿನ ಬರಲಾಗದು. ನವೇನವನ್ನು ನಾವೇ ನಡೆಸುತ್ತೇವೆಂದು ಅವರಿಗೆ ಹೇಳಿದ್ದೇನೆ, ಒಪ್ಪಿದ್ದಾರೆ. ದಿನಕ್ಕೊಂದು ಬೀದಿಯವರು ಜಪ ಹೇಳಿಸಿ. ಶನಿವಾರ ರಾತ್ರಿಯ ಜಾಗರಣೆಯ ಪೂಜೆಯಲ್ಲಿ ಬಾಬೆಲಿನ ಗೋಪುರದಿಂದ ಹಿಡಿದು ಒಣ ಎಲುಬುಗಳ ಕಣಿವೆಯವರೆಗೆ ಹಳೆಯ ಒಡಂಬಡಿಕೆಯ ವಾಚನಗಳಿವೆ, ನಾಲ್ಕು ಜನ ಓದುವವರು ಬೇಕು. ಭಾನುವಾರದ ಆ ಊರಿನ ಹೆಸರುಗಳ ವಾಚನವನ್ನು ತಾತನೇ ಓದಬೇಕೆಂದು ನನ್ನ ಆಸೆ. ಕಣ್ಣು ಮಂಜಾಗಿದೆ ಎಂದರು. ಪುಸ್ತಕ ಬೇಡ, ನಿಮಗೆ ಬಾಯಿಗೆ ಬರುತ್ತದಲ್ಲ ಎಂದೆ. ಇನ್ನೂ ಹೂಂ ಅಂದಿಲ್ಲ. ನೀವೂ ಒಂದು ಮಾತು ಹೇಳಿ.

ಹೂವಿಗೆ ದುಡ್ಡು ಕೊಡಬೇಡಿ. ಅಂಗಳದ ಗುಲ್‌ಮೊಹರ್ ಮರ ಕೆಂಪಾಗಿ ನಿಂತಿದೆ, ಪೀಠಕ್ಕೆ ಅದೇ ಸಾಕು. ಮಕ್ಕಳು ಶನಿವಾರ ಬೆಳಗ್ಗೆ ಬುಟ್ಟಿ ತಂದರೆ ಆಯಿತು.

ಗುಡಿಯ ಬೀಗದಕೈ ಗೊಂಚಲನ್ನು ತಾತ ನಿನ್ನೆ ಸಂಜೆ ನನ್ನ ಕೈಗಿಟ್ಟರು. ಬೇರೆ ಯಾರಾದರೂ ವಹಿಸಿಕೊಳ್ಳುವವರೆಗೆ ನನ್ನ ಬಳಿ ಇರುತ್ತದೆ. ನವೇನ ಆರೂವರೆಗೆ. ಆರಕ್ಕೆಲ್ಲ ಬಾಗಿಲು ತೆಗೆದು ಕಾಯುತ್ತಿರುತ್ತೇನೆ.

ನಿಮ್ಮ,
ಹಾರ್ಮೋನಿಯಂ ಟೀಚರಮ್ಮ